ಪೀಣ್ಯದ ಒಂದು ಕೋಣೆ, ಎರಡು ಸ್ಟೌ

ಬೆಳಿಗ್ಗೆ ಆರೂವರೆಗೆ ದಾವಣಗೆರೆಯಲ್ಲಿ ಕೆಂಪು ಬಸ್ಸು ಹತ್ತಿದೆ. ದಾರಿಯಲ್ಲಿ ಕ್ಯಾತಸಂದ್ರದ ತಟ್ಟೆ ಇಡ್ಲಿ ತಿಂದು, ಮಧ್ಯಾಹ್ನ ಒಂದರ ಸುಮಾರಿಗೆ ದಾಸರಹಳ್ಳಿಯಲ್ಲಿ ಇಳಿದೆ. ಬಿಸಿಲಿಗಿಂತ ಲಾರಿಗಳ ಧೂಳೇ ಜಾಸ್ತಿ. ಅಲ್ಲಿಂದ ಪೀಣ್ಯದ ಕಡೆ ಅರ್ಧ ಗಂಟೆ ನಡಿಗೆ.

ಬಹಳ ವರ್ಷ ನಮ್ಮ ಮನೆಯಲ್ಲಿ ಕೆಲಸಕ್ಕಿದ್ದ ಗಂಗವ್ವ ಈಗ ಮಗನ ಜತೆ ಅಲ್ಲಿದ್ದಳು. ಅವಳನ್ನು ನೋಡಬೇಕಿತ್ತು, ಆದರೆ ಅದೊಂದೇ ಕಾರಣವಲ್ಲ. ಪಡಿತರ ಪದ್ಧತಿ ಬದಲಾದ ವರ್ಷ ಅದು. ಇನ್ನು ಮುಂದೆ ಬಡವರಿಗೆ ಬೇರೆ ಕಾರ್ಡು, ಹೆಚ್ಚು ಅಗ್ಗದ ಅಕ್ಕಿ ಎಂದಾಗಿತ್ತು. ಪೇಪರಿನಲ್ಲಿ ಹೊಗಳುವವರೂ ಇದ್ದರು, ತೆಗಳುವವರೂ ಇದ್ದರು. ಅಡುಗೆಮನೆಯಲ್ಲಿ ಏನಾಯಿತೆಂದು ಮಾತ್ರ ಯಾರೂ ಬರೆದಿರಲಿಲ್ಲ. ನಿವೃತ್ತಳಾದರೂ ಮೂಗು ತೂರಿಸುವ ಟೀಚರ್ ಚಾಳಿ ನನ್ನನ್ನು ಬಿಟ್ಟಿಲ್ಲ.

ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ಶೀಟಿನ ಮನೆ, ಒಂದೇ ಕೋಣೆ. ನಡುವೆ ಅಡ್ಡಲಾಗಿ ಹಳೇ ಸೀರೆ ಕಟ್ಟಿದ್ದರು. ಈಚೆ ಗಂಗವ್ವನ ಸೀಮೆಎಣ್ಣೆ ಸ್ಟೌ, ಆಚೆ ಸೊಸೆ ಶಾಂತಳದು. ಅತ್ತೆ ಸೊಸೆಗೆ ಜಗಳವೇ ಎಂದು ಕೇಳಿದೆ. ಇಬ್ಬರೂ ನಕ್ಕರು. ಮಗ ಮಲ್ಲೇಶನಿಗೆ ಕಾರ್ಖಾನೆ ಸಂಬಳವಿರುವುದರಿಂದ, ಅವನ ಜತೆ ಉಂಡರೆ ಗಂಗವ್ವ ಸರ್ಕಾರದ ಲೆಕ್ಕದಲ್ಲಿ ಬಡವಳಲ್ಲವಂತೆ. ಒಲೆ ಬೇರೆಯಾದರೆ ಸಂಸಾರ ಬೇರೆ, ಒಂಟಿ ವಿಧವೆಗೆ ಕಾರ್ಡು ಸಿಗುತ್ತದಂತೆ. ಮಲ್ಲೇಶನ ಸಂಬಳ ಬಾಡಿಗೆಗೂ ಅಂಗಡಿ ಅಕ್ಕಿಗೂ ಸಾಲುತ್ತಿರಲಿಲ್ಲ, ಕಾರ್ಡು ಬೇಕೇ ಬೇಕಿತ್ತು. ಉಪಾಯ ಶಾಂತಳದೇ. ಆಗಲೇ ಎರಡು ತಿಂಗಳು ಅಕ್ಕಿ ಬಂದಿತ್ತು, ಕಾರ್ಡು ಕಾಯಂ ಆಗಲು ಕೊನೆಯ ತನಿಖೆಯೊಂದು ಬಾಕಿ ಇತ್ತು.

ಗಂಗವ್ವ ಅನ್ನ ಸಾರು ಬಡಿಸಿದಳು. ಶಾಂತ ಸೀರೆಯ ಕೆಳಗಿಂದ ಬದನೆಕಾಯಿ ಪಲ್ಯದ ಬಟ್ಟಲು ದೂಡಿದಳು. ಎರಡು ತುತ್ತು ಉಂಡಿರಲಿಲ್ಲ, ತನಿಖೆಯವನೇ ಬಂದ. ಕೆಟ್ಟವನೇನಲ್ಲ, ಸುಸ್ತಾಗಿದ್ದ. ಆಚೆಯ ಬಾಣಲೆ ನೋಡಿದ, ನನ್ನ ತಟ್ಟೆ ನೋಡಿದ.

"ಮೇಡಂ, ನೀವು ಯಾರ ಮನೆ ನೆಂಟ್ರು?"

"ಗಂಗವ್ವನ ಮನೆಗೆ ಬಂದವಳು," ಎಂದೆ.

"ಮತ್ತೆ ಪಲ್ಯ?"

"ಪಕ್ಕದ ಮನೆಯವರು ಕೊಟ್ಟರು."

ಜೀವಮಾನವಿಡೀ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದವಳು ನಾನು. ಅವನು ಸಹಿ ಹಾಕಿ ಹೋದ. ನನಗೋ ಗೆದ್ದ ಖುಷಿ. ಇನ್ನು ಈ ಅಡ್ಡ ಕಟ್ಟಿದ ಸೀರೆ ಬಿಚ್ಚಿ ಎಂದೆ. ಶಾಂತ ಆಗಲೇ ಗಂಟಿಗೆ ಕೈ ಹಾಕಿದ್ದಳು.

"ಇರ್ಲಿ ಬಿಡ್ರಿ ಅಕ್ಕಾರೆ," ಎಂದಳು ಗಂಗವ್ವ. "ಗಂಡ ಇದ್ದಾಗ ಅವನ ಅವ್ವ ಬಡಿಸಿದ್ದು ಉಂಡೆ. ಇಲ್ಲಿ ಸೊಸೆ ಬಡಿಸಿದ್ದು ಉಂಡೆ. ಈಗ ಅಕ್ಕಿ ನಂದೈತಿ, ನಾನೇ ಬಡಿಸ್ತೀನಿ. ಹಿಂಗೇ ಚಲೋ ಐತಿ."

ಅವಳ ದನಿಯಲ್ಲಿ ಅಷ್ಟು ಧೈರ್ಯವನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಸಂತೋಷವೇ ಆಯಿತು. ಶಾಂತಳ ಮುಖ ನೋಡಿದಾಗ ಆ ಸಂತೋಷ ಉಳಿಯಲಿಲ್ಲ. ಅವಳು ಗಂಟಿನಿಂದ ಕೈ ತೆಗೆದು, ಪಲ್ಯದ ಬಟ್ಟಲು ಎತ್ತಿಕೊಂಡು ಸೀರೆಯ ಆಚೆ ಹೋದಳು. ಪಕ್ಕದ ಮನೆ ಎಂದವಳು ನಾನೇ ತಾನೆ?

ಐದಕ್ಕೆ ಮಲ್ಲೇಶ ಶಿಫ್ಟು ಮುಗಿಸಿ ಬಂದು ಕೈಕಾಲು ತೊಳೆದ. ಸೀರೆಯ ಈಚೆ ಅವ್ವ ತಟ್ಟೆ ಇಟ್ಟಳು, ಆಚೆ ಹೆಂಡತಿಯೂ ಇಟ್ಟಳು. ಎರಡನ್ನೂ ನೋಡಿ ಅವನು, ಅಕ್ಕಾರನ್ನು ಬಸ್ಸಿಗೆ ಬಿಟ್ಟು ಬರ್ತೀನಿ ಎಂದು ಚಪ್ಪಲಿ ಮೆಟ್ಟಿದ.

ದಾವಣಗೆರೆ ಬಸ್ಸು ಬೇಗನೇ ಬಂತು. ಹತ್ತಿ ಕೂತು ಕಿಟಕಿಯಿಂದ ತಿರುಗಿ ನೋಡಿದೆ. ಮಲ್ಲೇಶ ಮನೆಯ ಕಡೆ ಹೊರಡದೆ ಸ್ಟಾಪಿನಲ್ಲೇ ನಿಂತಿದ್ದ.