ತವರಿನ ಹಸಿರು ಹೂಕೋಸು

ಕಟ್ಟಾಯದ ಕೆಂಪಣ್ಣನ ಮಡದಿ ಅನಸೂಯಮ್ಮನ ಎದೆಯೊಳಗೆ ಲೋಹದ ಕವಾಟವೊಂದು ಮಿಡಿಯುತ್ತಿತ್ತು. ಎಳವೆಯಲ್ಲಿ ಬಂದ ಕೀಲುಜ್ವರ ಮಂಡಿಗಳನ್ನು ಬಿಟ್ಟುಹೋಗುವಾಗ ಹೃದಯವನ್ನು ಹಿಡಿದುಕೊಂಡಿತ್ತು. ಬಹುಕಾಲ ಅದು ಯಾರಿಗೂ ತಿಳಿಯಲಿಲ್ಲ. ನಡುವಯಸ್ಸು ದಾಟಿದ ಮೇಲೆ, ಆಲೂಗಡ್ಡೆಯ ಹೊಲದಲ್ಲಿ ಕಳೆ ಕೀಳುತ್ತಿದ್ದವಳು ಉಸಿರು ಸಿಕ್ಕಿಕೊಂಡು ಕುಸಿದಾಗ, ಮೈಸೂರಿನ ವೈದ್ಯರು ಎದೆ ತೆರೆದು, ಸವೆದ ಕವಾಟವನ್ನು ತೆಗೆದು ಲೋಹದ್ದನ್ನು ಕೂಡಿಸಿದರು. ಕೆಂಪಣ್ಣ ಹೊಳೆನರಸೀಪುರದ ನರಸಿಂಹಸ್ವಾಮಿಗೆ ಹೊತ್ತ ಹರಕೆಯನ್ನು ತೀರಿಸಿ ಬಂದ. ಮನೆ ನಿಶ್ಶಬ್ದವಾದಾಗ ಆ ಕವಾಟದ ಟಿಕ್ ಟಿಕ್ ಸದ್ದು ಪಕ್ಕದಲ್ಲಿ ಕುಳಿತವರಿಗೂ ಕೇಳಿಸುತ್ತಿತ್ತು. "ಇವ್ಳಿಗೆ ಕ್ವಾಪ ಬಂದ್ರೆ ಮೊದ್ಲು ಗಡಿಯಾರ ಜೋರಾಯ್ತದೆ, ಆಮ್ಯಾಕೆ ಬಾಯಿ" ಎಂದು ಕೆಂಪಣ್ಣ ನಗೆಯಾಡುತ್ತಿದ್ದ.

ಭಗವಂತನು ಕೊಟ್ಟ ಕವಾಟಕ್ಕೂ ಮನುಷ್ಯನು ಮಾಡಿದ ಕವಾಟಕ್ಕೂ ಒಂದು ಭೇದವುಂಟು. ರಕ್ತವು ತನ್ನದಲ್ಲದ ವಸ್ತುವನ್ನು ಮುಟ್ಟಿದೊಡನೆ ಅದರ ಮೇಲೆ ಹೆಪ್ಪುಗಟ್ಟಲು ತೊಡಗುತ್ತದೆ. ಆದುದರಿಂದ ರಕ್ತವನ್ನು ತೆಳುವಾಗಿಡುವ ಮಾತ್ರೆಯೊಂದನ್ನು ಅನಸೂಯಮ್ಮ ಜೀವವಿರುವ ತನಕ ನುಂಗಬೇಕಾಗಿತ್ತು. ತಿಂಗಳಿಗೊಮ್ಮೆ ಹಾಸನಕ್ಕೆ ಹೋಗಿ ರಕ್ತವನ್ನು ಪರೀಕ್ಷೆಗೆ ಕೊಡಬೇಕಾಗಿತ್ತು. ಹಾಸನದ ವೈದ್ಯರು ಇನ್ನೊಂದು ಮಾತನ್ನೂ ಬಿಡಿಸಿ ಹೇಳಿದ್ದರು: "ಸೊಪ್ಪಿನಂಥ ಹಸಿರು ಪದಾರ್ಥಗಳಲ್ಲಿ ಈ ಮಾತ್ರೆಯ ಕೆಲಸವನ್ನು ಕೆಡಿಸುವ ಒಂದು ಜೀವಸತ್ವ ಇದೆ. ತಿನ್ನಬೇಡಿ ಅನ್ನೋದಿಲ್ಲ ಅಮ್ಮ. ಇವತ್ತು ಎಷ್ಟು ತಿಂದ್ರೋ ನಾಳೆಯೂ ಅಷ್ಟೇ ತಿನ್ನಿ. ಜಾಸ್ತಿ ಮಾಡೋದಾದ್ರೆ ಮೊದಲು ನನಗೆ ಹೇಳಿ."

ಅವಳು ಆ ಮಾತನ್ನು ವ್ರತದಂತೆ ನಡೆಸಿದಳು. ಏಕಾದಶಿಯನ್ನು ಮರೆತರೂ ಮಾತ್ರೆಯನ್ನು ಮರೆಯಲಿಲ್ಲ. ಬಸ್ಸಾರು ಮಾಡಿದ ದಿನ ದಂಟಿನ ಸೊಪ್ಪು ಒಂದು ಹಿಡಿ. ಅದಕ್ಕಿಂತ ಹೆಚ್ಚು ಬಡಿಸಿದರೆ ತಟ್ಟೆಯನ್ನೇ ದೂಡುವಳು. ಇಂಥವಳು ತಪ್ಪಿದ್ದು ನಾಲಗೆಯ ಚಾಪಲ್ಯದಿಂದಲ್ಲ, ತವರಿನ ಹಸಿವಿನಿಂದ.

ಅವಳ ತವರು ಬಾಗೂರು. ತಂದೆ ತೀರಿಕೊಂಡ ತರುವಾಯ ತಮ್ಮ ಮೋಹನ್‌ಕುಮಾರ್ ಅವಳನ್ನು ಚನ್ನರಾಯಪಟ್ಟಣದ ನೋಂದಣಿ ಕಚೇರಿಗೆ ಕರೆದೊಯ್ದು, ಜಮೀನಿನಲ್ಲಿ ಅವಳಿಗೆ ಪಾಲು ಬೇಡವೆಂದು ಅವಳಿಂದ ರುಜು ಹಾಕಿಸಿಕೊಂಡಿದ್ದ. "ಬೂಮಿ ಇಟ್ಕೊಂಡು ತವರು ಕಳ್ಕೊಳ್ಳೋದ್ಯಾಕೆ" ಎಂದುಕೊಂಡು ಅವಳು ಮರುಮಾತಾಡದೆ ಹೆಬ್ಬೆರಳನ್ನೂ ಒತ್ತಿದಳು. ಆದರೆ ಭೂಮಿ ಹೋದ ದಾರಿಯಲ್ಲೇ ತವರೂ ನಡೆಯಿತು. ಮೊದಲ ವರುಷ ಗೌರಿಯ ಬಾಗಿನವನ್ನು ತಮ್ಮನೇ ತಂದ; ಮುಂದೆ ಯಾರ ಕೈಯಲ್ಲೋ ಕಳುಹಿಸಿದ; ಆಮೇಲೆ ಅದೂ ನಿಂತಿತು. ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಮೈಸೂರಿಗೆ ಬಂದು ಬಾಗಿಲಲ್ಲೇ ನಿಂತು ನೋಡಿ ಹೋಗಿದ್ದ. ನೆರೆಮನೆಯ ಹೆಂಗಸರು ತಂತಮ್ಮ ತವರಿನಿಂದ ಬಂದ ಸೀರೆಯನ್ನೋ ಹಲಸಿನ ಹಣ್ಣನ್ನೋ ತೋರಿಸುವಾಗ ಅನಸೂಯಮ್ಮ ಹಟ್ಟಿಯಲ್ಲಿ ಏನಾದರೊಂದು ಕೆಲಸ ಹುಡುಕಿಕೊಂಡು ಎದ್ದುಹೋಗುತ್ತಿದ್ದಳು.

ಹೀಗಿರುವಲ್ಲಿ ಬಾಗೂರಿನಲ್ಲಿ ಒಂದು ಹೊಸ ಬೆಳೆ ಕಾಲಿಟ್ಟಿತು. ಬೆಂಗಳೂರಿನ ಹೋಟೆಲುಗಳಿಗೆ ತರಕಾರಿ ಒದಗಿಸುವ ವ್ಯಾಪಾರಿಯೊಬ್ಬ ಬ್ರೊಕೋಲಿ ಎಂಬ ಹಸಿರು ಹೂಕೋಸಿನ ಸಸಿ ಕೊಟ್ಟು, ರೈತರನ್ನು ನೆರೆಯಿಸಿ, ಅದರ ಗುಣಗಳನ್ನು ಬಣ್ಣಿಸಿದ. ಅವನು ಹೇಳಿದುದು ಬಹುಮಟ್ಟಿಗೆ ದಿಟವೇ. ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ ಎಲ್ಲವೂ ಇದರ ಕುಲದವೇ. ಜಗಿದಾಗ ಮೂಗಿಗೇರುವ ಘಾಟು, ಹುಳುವಿನಿಂದ ತಮ್ಮನ್ನು ಕಾಯ್ದುಕೊಳ್ಳಲೆಂದು ಅವು ಪಡೆದುಬಂದ ಗಂಧಕದ ಸತ್ವಗಳದು. ಆ ಸತ್ವಗಳು ನಮ್ಮ ಒಡಲನ್ನು ಸೇರಿದಾಗ ಜೀವಕೋಶಗಳು ತಮ್ಮ ಕಾವಲನ್ನು ಬಿಗಿಮಾಡಿಕೊಳ್ಳುವುವೆಂದೂ, ಕೆಲವು ಬಗೆಯ ಕ್ಯಾನ್ಸರಿನ ಭಯವನ್ನು ಅವು ತಗ್ಗಿಸಬಹುದೆಂದೂ ಬಲ್ಲವರು ಹೇಳುತ್ತಾರೆ. 'ತಗ್ಗಿಸಬಹುದು' ಎಂದವರು ಅವರು. ಸಭೆಯಿಂದ ಎದ್ದು ಮನೆ ಸೇರುವಷ್ಟರಲ್ಲಿ ಅದು 'ಬರುವುದೇ ಇಲ್ಲ' ಎಂದಾಯಿತು. ಅದೇ ಹಸಿರಿನಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಕೆ ಜೀವಸತ್ವವೂ ತುಂಬಿದೆಯೆಂಬುದನ್ನು ವ್ಯಾಪಾರಿ ಹೇಳಲಿಲ್ಲ. ಗಟ್ಟಿಮೈಯವರಿಗೆ ಅದರಿಂದ ಒಳಿತೇ ಹೊರತು ಕೆಡುಕಿಲ್ಲವಾದುದರಿಂದ ಅದನ್ನು ಹೇಳಬೇಕಾದ ಪ್ರಮೇಯವೂ ಇರಲಿಲ್ಲ.

ಆಷಾಢ ಮುಗಿಯುತ್ತಿದ್ದ ಒಂದು ಮಧ್ಯಾಹ್ನ ಕಟ್ಟಾಯದ ಮನೆಯ ಮುಂದೆ ಮೋಟಾರುಬೈಕು ನಿಂತಿತು.

"ಅಕ್ಕಾ, ಓ ಅಕ್ಕಾ! ಇದ್ದೀಯಾ ಒಳಗೆ?"

"ಯಾರ್ಲಾ ಅದು? ಮೋಹನನಾ? ದಾರಿಗೀರಿ ತಪ್ಪಿ ಬಂದ್ಯೇನ್ಲಾ?"

"ಬೈಬ್ಯಾಡ ಕಣಕ್ಕಾ. ಆಸನಕ್ಕೆ ಬಂದಿದ್ದೆ. ನಿಂಗೇಂತ್ಲೇ ತಂದಿವ್ನಿ, ತಗೋ."

ಚೀಲ ಬಿಚ್ಚಿ ನೋಡಿದ ಅನಸೂಯಮ್ಮ ಹುಬ್ಬುಗಂಟಿಕ್ಕಿದಳು. "ಇದೇನ್ಲಾ, ಊಕೋಸು ಅಸ್ರು ತಿರುಗೈತೆ? ಪಾಚಿಗೀಚಿ ಕಟ್ಟೈತಾ?"

"ಇದ್ರ ಬಣ್ಣಾನೇ ಅಂಗೆ. ಬ್ರೊಕೋಲಿ ಅಂತ. ಬೆಂಗ್ಳೂರು ಓಟ್ಲಲ್ಲಿ ದೊಡ್ಡೋರು ತಿನ್ನೋದು. ಕ್ಯಾನ್ಸರು ಬರಾಕಿಲ್ವಂತೆ, ಆರ್ಟಿಗೂ ಒಳ್ಳೇದಂತೆ. ಮೀಟಿಂಗ್ನಾಗೆ ಆರ್ಟು ಅಂದೇಟ್ಗೆ ನಿನ್ ಗ್ಯಾನ ಬಂತು ಕಣಕ್ಕಾ."

"ಯಾವ ಒಲಕ್ಕೆ ಆಕಿದ್ದೀಯಾ?"

"ಬಾವಿ ಒಲಕ್ಕೆ."

ಬಾವಿಯ ಹೊಲ ಅವಳ ಪಾಲಿಗೆ ಬರಬೇಕಾಗಿದ್ದ ಹೊಲ. ತಮ್ಮ ಅದನ್ನು ಅಳುಕಿಲ್ಲದೆ ನುಡಿದ, ಅಕ್ಕನೂ ಕೆದಕಲಿಲ್ಲ. "ನಿನ್ ಗ್ಯಾನ ಬಂತು" ಎಂಬ ಮಾತಿನ ಮುಂದೆ ಅವಳಿಗೆ ಹೊಲ ದೊಡ್ಡದೆನಿಸಲಿಲ್ಲ.

ಅಲ್ಲಿಂದ ಮೋಹನ್‌ಕುಮಾರ್ ಬೆಳೆಯ ಹಣ ಪಡೆಯಲು ವಾರವಾರವೂ ಹಾಸನಕ್ಕೆ ಬಂದವನು ಕಟ್ಟಾಯಕ್ಕೂ ಬಂದು ಚೀಲ ಇಳಿಸಿ ಹೋಗತೊಡಗಿದ. ತವರಿನಿಂದ ಬಂದುದನ್ನು ಪರರಿಗೆ ದಾಟಿಸಬಾರದು, ದನಕ್ಕೆ ಹಾಕಬಾರದು, ಬಾಡಿಸಿ ಎಸೆಯಲಂತೂ ಬಾರದು. ಹುಟ್ಟಿದ ಮನೆಯ ಹೆಣ್ಣು ಅದನ್ನು ಉಣ್ಣಬೇಕೆಂಬುದು ಅನಸೂಯಮ್ಮ ತನ್ನ ತಾಯಿಯಿಂದ ಕಲಿತ ನಡಾವಳಿ. ಮನೆಯಲ್ಲಿ ಉಳಿದವರಾರಿಗೂ ಅದರ ರುಚಿ ಹಿಡಿಸಲಿಲ್ಲ. ಕೆಂಪಣ್ಣ ಒಂದು ತುತ್ತು ಬಾಯಿಗಿಟ್ಟು "ಉಲ್ಲು ಬೇಯ್ಸಿ ಉಪ್ಪಾಕ್ದಂಗೈತೆ" ಎಂದು ಬದಿಗಿಟ್ಟ. ಮಗ ಕುಮಾರ್ ಡೇರಿಯ ಕೆಲಸದ ನೆಪ ಹೇಳಿ ಎದ್ದ. ಹೀಗಾಗಿ ಚೀಲವೆಲ್ಲ ಅವಳೊಬ್ಬಳ ಪಾಲಾಯಿತು. ಬೆಳಗ್ಗೆ ಪಲ್ಯ, ಮಧ್ಯಾಹ್ನ ಹುಳಿ, ಸಂಜೆ ಹಬೆಯಲ್ಲಿ ಬಾಡಿಸಿ ಸಾಸಿವೆಯ ಪುಡಿ ಉದುರಿಸಿದ ಹೋಳು. ದಂಟನ್ನು ಹಿಡಿಯಲ್ಲಿ ಅಳೆಯುತ್ತಿದ್ದವಳು ಇದನ್ನು ಬೋಗುಣಿಯಲ್ಲಿ ಬಡಿಸಿಕೊಂಡಳು. ನೆರೆಯವರು ಬಂದರೆ ಕರೆದು ತೋರಿಸಿದಳು: "ನಮ್ ಮೋಹನ ತಂದಿದ್ದು. ನನ್ ಆರ್ಟಿಗೆ ಅಂತ."

ಕುಮಾರನ ಹೆಂಡತಿ ರೂಪಶ್ರೀ ಅರಕಲಗೂಡಿನ ಕಡೆಯ ಹುಡುಗಿ; ಅತ್ತೆಯ ಮಾತ್ರೆಗಳನ್ನು ತಪ್ಪದೆ ತಂದಿಡುವವಳು ಅವಳೇ. ಒಂದು ದಿನ ಮೊಬೈಲಿನಲ್ಲಿ ಏನನ್ನೋ ಓದಿ ಒಲೆಯ ಬಳಿಗೆ ಬಂದಳು.

"ಅತ್ತೆ, ಇದ್ರಲ್ಲಿ ಕೆ ವಿಟಮಿನ್ ಬೋ ಜಾಸ್ತಿ ಐತಂತೆ. ಡಾಕ್ಟ್ರುನ್ನ ಒಂದ್ ಮಾತು ಕೇಳ್ಬುಟ್ಟು ತಿನ್ನಿ. ಫೋನ್ ಮಾಡ್ಕೊಡ್ಲಾ?"

"ಅವ್ರು ಏಳಿದ್ದು ಸೊಪ್ಪಿಗೆ. ಇದು ಕೋಸು."

"ಕೋಸಾದ್ರೂ ಅಸ್ರೇ ಅಲ್ವಾ ಅತ್ತೆ."

ಅನಸೂಯಮ್ಮ ಸೌಟನ್ನು ಕುಕ್ಕಿದಳು. "ನಿಮ್ಮಪ್ಪ ಅರಕಲಗೂಡಿಂದ ಗೆಣ್ಸು ಒತ್ಕೊಂಡು ಬಂದಾಗ ನಾನು ಯಾವ ಡಾಕ್ಟ್ರುನ್ನ ಕೇಳ್ದೆ? ನಂಗೆ ತವರಿಂದ ಒಂದ್ ಚೀಲ ಬಂದೇಟ್ಗೆ ನಿಂಗೆ ಡಾಕ್ಟ್ರು ಬೇಕಾಯ್ತಾ? ಒಟ್ಟೆಕಿಚ್ಚು ಕಣೇ ನಿಂಗೆ, ಒಟ್ಟೆಕಿಚ್ಚು!"

"ಓಗ್ಲಿ ಬುಡವ್ವಾ ರೂಪಾ" ಎಂದು ಕೆಂಪಣ್ಣ ಜಗಲಿಯಿಂದಲೇ ಕೂಗಿದ. "ಏನೋ ಕುಸಿಯಾಗಿ ತಿಂತಾವ್ಳೆ. ಈ ಮನ್ಯಾಗೆ ಅವ್ಳು ನಕ್ಕು ಎಷ್ಟ್ ಕಾಲಾಗಿತ್ತು."

ಸೊಸೆ ಮೊಬೈಲನ್ನು ಎತ್ತಿಟ್ಟು ಪಾತ್ರೆ ತೊಳೆಯಲು ಹೋದಳು. ಆದರೂ ರಕ್ತಪರೀಕ್ಷೆಯ ದಿನ ಬಂದಾಗ ನೆನಪಿಸಿದಳು. ಆ ಹೊತ್ತಿಗೆ ಗೌರಿಹಬ್ಬ ಸಮೀಪಿಸಿತ್ತು. ಮೋಹನ್‌ಕುಮಾರ್ ಹಬ್ಬಕ್ಕೆ ಅಕ್ಕನನ್ನು ಬಾಗೂರಿಗೆ ಕರೆದಿದ್ದ. ಎಷ್ಟೋ ವರುಷಗಳ ಬಳಿಕ ಬಂದ ಕರೆ. "ಬಂದ್ಮ್ಯಾಕೆ ರಕ್ತ ಕೊಟ್ರಾಯ್ತು, ರಕ್ತ ಎಲ್ಲಿಗೋಯ್ತದೆ" ಎಂದು ಅನಸೂಯಮ್ಮ ಹೊಸ ಸೀರೆಯುಟ್ಟು ಹೊರಟಳು.

ಬಾಗೂರಿನಲ್ಲಿ ಅವಳು ಬಾವಿಯ ಹೊಲಕ್ಕೂ ಹೋದಳು. ವ್ಯಾಪಾರಿಯ ಲಾರಿ ಬಂದು ನಿಂತಿತ್ತು. ಬಿಗಿಯಾದ ಹೂಗಳು ಲಾರಿಯೇರಿದವು. ಅರಳಿ ಸಡಿಲಗೊಂಡವನ್ನೂ ಹಳದಿ ಹಾಯ್ದವನ್ನೂ ಲಾರಿಯವನು ಬದುವಿನ ಮೇಲೆ ಎಸೆದ. ಮೋಹನ್‌ಕುಮಾರನ ಆಳು ಆ ರಾಶಿಯಿಂದಲೇ ಒಂದು ಚೀಲ ತುಂಬಿ, "ಅಣ್ಣೋ, ಕಟ್ಟಾಯದ್ದು ತುಂಬಿವ್ನಿ, ಉಳ್ದಿದ್ದು ಎಮ್ಮೇಗೆ ಆಕ್ಲಾ?" ಎಂದು ಕೇಳಿದ. ಮೋಹನ್‌ಕುಮಾರ್ ಅಕ್ಕನ ಮುಖ ನೋಡಲಿಲ್ಲ. ಅಕ್ಕ ಬಾವಿಯ ಕಡೆಗೆ ತಿರುಗಿ ನಿಂತಳು. ಅಂದು ರಾತ್ರಿ ತಮ್ಮನ ಹೆಂಡತಿ ಬಡಿಸಿದ ಪಲ್ಯವನ್ನು ಅವಳು ಎರಡನೆಯ ಸಲವೂ ಹಾಕಿಸಿಕೊಂಡು ಉಂಡಳು. ಬೇಡವೆಂದರೆ ತಾನು ಕಂಡದ್ದು ಬಯಲಾಗುತ್ತದೆಂಬ ಅಂಜಿಕೆ ಅವಳಿಗೆ.

ಕಟ್ಟಾಯಕ್ಕೆ ಮರಳಿ ಕೆಲವು ದಿನಗಳಾಗಿದ್ದವು. ಊಟಕ್ಕೆ ಕುಳಿತ ಅನಸೂಯಮ್ಮನ ಕೈಯಿಂದ ಮುದ್ದೆಯ ತುತ್ತು ಜಾರಿತು. ಎತ್ತಿಕೊಳ್ಳಲು ಹೋದ ಬಲಗೈ ಏಳಲಿಲ್ಲ. ಏನೋ ಹೇಳಹೋದಳು, ಬಾಯಿ ಸೊಟ್ಟಗೆ ಹೊರಳಿ ಬರಿಯ ದನಿ ಹೊರಟಿತು. ರೂಪಶ್ರೀಯೇ ಕೂಗಿ, ವಾಹನ ಹಿಡಿಸಿ, ಹಾಸನಕ್ಕೆ ಒಯ್ದಳು.

ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ, ಅದರ ಚೂರೊಂದು ಮೆದುಳಿಗೆ ಹಾರಿತ್ತು. ಪ್ರಾಣ ಉಳಿಯಿತು, ಬಲಮೈ ಉಳಿಯಲಿಲ್ಲ. ಮೋಹನ್‌ಕುಮಾರನೂ ಓಡಿ ಬಂದು ಮಂಚದ ಕಾಲಬಳಿ ನಿಂತಿದ್ದಾಗ ವೈದ್ಯರು ಬಂದರು.

"ಮಾತ್ರೆ ಸರಿಯಾಗಿ ತಗೊಂಡಿದ್ದಾರೆ ಅಂತೀರಿ. ಆದ್ರೂ ರಕ್ತ ಇಷ್ಟು ಗಟ್ಟಿಯಾಗಿದೆ. ಊಟದಲ್ಲಿ ಏನಾದ್ರೂ ಬದಲಾಯ್ತಾ ಅಮ್ಮ? ಹೊಸದೇನಾದ್ರೂ ತಿಂದ್ರಾ?"

ಅನಸೂಯಮ್ಮ ತಮ್ಮನನ್ನು ನೋಡಿದಳು. ಬಳಿಕ ತಲೆಯನ್ನು ಅತ್ತಿತ್ತ ಆಡಿಸಿದಳು: ಇಲ್ಲ. ಕೆಂಪಣ್ಣ ನೆಲ ನೋಡಿದ. ಏನೂ ಬದಲಾಗಿಲ್ಲವೆಂದೇ ನಂಬಿ ವೈದ್ಯರು ಮಾತ್ರೆಯ ಪ್ರಮಾಣವನ್ನು ಏರಿಸಿಬಿಟ್ಟರೆ, ಮನೆಗೆ ಹೋಗಿ ಹಳೆಯ ಊಟ ಉಂಡೊಡನೆ ರಕ್ತ ಅತಿಯಾಗಿ ತೆಳುವಾಗಿ ಎಲ್ಲಿ ಬೇಕಾದರೂ ಸೋರೀತೆಂಬುದು ಆ ನಾಲ್ವರಲ್ಲಿ ಮೊಬೈಲಿನಲ್ಲಿ ಓದಿಕೊಂಡಿದ್ದ ರೂಪಶ್ರೀಗೊಬ್ಬಳಿಗೆ ತಿಳಿದಿತ್ತು. ಅವಳು ಬಾಯಿ ಬಿಟ್ಟಳು.

"ತಿಂದವ್ರೆ ಸಾ. ಬ್ರೊಕೋಲಿ. ಆಸಾಡದಿಂದ ದಿನಾ, ಮೂರೊತ್ತೂ. ಇವ್ರು ತಂದ್ಕೊಡ್ತಿದ್ರು."

ವೈದ್ಯರು ನಿಟ್ಟುಸಿರಿಟ್ಟರು. "ಒಳ್ಳೆ ತರಕಾರೀನೇ. ಒಂದು ಮಾತು ಹೇಳಿದ್ರೆ ಅದಕ್ಕೆ ತಕ್ಕ ಹಾಗೆ ಮಾತ್ರೆ ಹೊಂದಿಸ್ತಿದ್ದೆ. ತಿಂಗಳ ಪರೀಕ್ಷೆಗೆ ಬಂದಿದ್ರೂ ಗೊತ್ತಾಗ್ತಿತ್ತು."

ವೈದ್ಯರು ಅತ್ತ ಹೋದದ್ದೇ ತಡ, ಮೋಹನ್‌ಕುಮಾರ್ ಭುಗಿಲೆಂದ. "ನಾನೇನ್ ವಿಸ ಆಕಿದ್ನೇನವ್ವಾ? ಒಳ್ಳೇದಾಗ್ಲಿ ಅಂತ ಒತ್ಕೊಂಡು ಬಂದ್ರೆ ಪೋಲಿಸ್ನೋರ ಮುಂದೆ ಏಳ್ದಂಗೆ ಏಳ್ತೀಯಲ್ಲಾ! ಬಾವಾ, ನಿಮ್ ಸೊಸೇನ ನೀವೇ ಮಡಿಕ್ಕಳಿ. ನನ್ ಕಾಲು ಇನ್ ನಿಮ್ ಹಟ್ಟಿ ಮೆಟ್ಟಾಕಿಲ್ಲ." ಅನಸೂಯಮ್ಮ ಎಡಗೈಯನ್ನು ನೀಡಿದಳು. ಅವನು ನೋಡದೆ ಹೊರಟುಹೋದ.

ಮನೆಗೆ ಮರಳಿದ ಮೇಲೆ ಅವಳು ಸೊಸೆಯ ಕೈತುತ್ತಿಗೆ ಬಾಯಿ ತೆರೆಯಲಿಲ್ಲ. ವೈದ್ಯರು ಹೇಳಿದ ಹದದಲ್ಲಿ ರೂಪಶ್ರೀ ಅಡುಗೆ ಮಾಡುವಳು, ಕಿವುಚಿ ತರುವಳು. ಅತ್ತೆ ಹಲ್ಲು ಕಚ್ಚಿಕೊಂಡು ಮುಖ ತಿರುಗಿಸುವಳು. ಕೆಂಪಣ್ಣ ಹೊಲದಿಂದ ಬಂದು ಉಣಿಸಿದರೆ ಮಾತ್ರ ಒಂದಿಷ್ಟು. ಮೈ ಇಳಿಯುತ್ತ ಬಂತು. ತವರು ಕಡಿದುಹೋದ ಸಂಕಟವೇ ಅವಳನ್ನು ತಿನ್ನುತ್ತಿದೆಯೆಂದು ಅರಿತ ಕೆಂಪಣ್ಣ ಬಾಗೂರಿಗೆ ಹೋಗಿ ಭಾವಮೈದುನನ ಮುಂದೆ ಕೈ ಮುಗಿದ.

"ಒಂದ್ಸಲ ಮುಖ ತೋರ್ಸ್ ಬಾರಪ್ಪಾ. ಅನ್ನ ಬುಟ್ಟವ್ಳೆ."

"ನಿಮ್ ಸೊಸೆ ತಪ್ಪಾಯ್ತು ಅನ್ಲಿ. ನನ್ ಅಕ್ಕನ ಕಿವೀಗೆ ಬೀಳಂಗೆ ಅನ್ಲಿ. ಆಮ್ಯಾಕೆ ನೋಡಾನ."

ಕೆಂಪಣ್ಣ ಮನೆಗೆ ಬಂದು ಸೊಸೆಯನ್ನು ಹಿತ್ತಲಿಗೆ ಕರೆದ. "ನೀನು ಏಳಿದ್ದು ದಿಟ ಅಂತ ನಂಗೊತ್ತು ಕಣವ್ವಾ. ಆದ್ರೂ ಅವ್ಳ ಜೀವ ಉಳೀಲಿ ಅಂತ ಒಂದ್ ಮಾತು ಅಂದ್ಬುಡು."

ರೂಪಶ್ರೀ ಒಗೆಯುವ ಕಲ್ಲಿನ ಮೇಲಿದ್ದ ಅತ್ತೆಯ ಸೀರೆಯನ್ನು ಹಿಂಡಿ ಹರವಿದಳು. ಆಮೇಲೆ ಒಳಗೆ ಬಂದು, ಅತ್ತೆಯ ಮಂಚದ ಬಳಿ ನಿಂತು, ದನಿ ಎಲ್ಲರಿಗೂ ಕೇಳುವಂತೆ ಮಾಡಿ ಫೋನು ಹಚ್ಚಿದಳು. "ನಂದೇ ತಪ್ಪಾಯ್ತು ಚಿಕ್ಕಪ್ಪಾರೆ. ಗೊತ್ತಿಲ್ದಲೇ ನಿಮ್ ಮ್ಯಾಲೆ ಏಳ್ಬುಟ್ಟೆ. ಬಂದು ಅತ್ತೇನ ನೋಡ್ಕೊಂಡೋಗಿ."

"ಆಯ್ತ್ ಬುಡು, ಬತ್ತೀನಿ" ಎಂದಿತು ಫೋನು.

ಮೋಹನ್‌ಕುಮಾರ್ ಬರಲಿಲ್ಲ. ಬಾವಿಯ ಹೊಲಕ್ಕೆ ಆ ಬಾರಿ ಶುಂಠಿ ಹಾಕಿದನೆಂದೂ ಹಾಸನದ ಕಡೆಗೆ ಅವನಿಗೆ ಕೆಲಸವಿಲ್ಲವೆಂದೂ ಯಾರೋ ಹೇಳಿದರು. ಅವನು ಬಾರದುದಕ್ಕೂ ಅನಸೂಯಮ್ಮನಿಗೆ ಕಾರಣ ಸಿಕ್ಕಿತ್ತು. ಸೊಸೆಯೇ ತನ್ನ ಬಾಯಿಂದ ತಪ್ಪನ್ನು ಒಪ್ಪಿಕೊಂಡಿದ್ದಳಲ್ಲ! ತಿಂಗಳುಗಳು ಕಳೆದಂತೆ ಅವಳ ನಾಲಗೆಗೆ ಒಂದೆರಡು ಮಾತು ಮರಳಿತು. ಯೋಗಕ್ಷೇಮ ವಿಚಾರಿಸಲು ನೆರೆಯವರು ಬಂದು, "ಎಂಗಾಯ್ತವ್ವಾ ಇದೆಲ್ಲಾ?" ಎಂದು ಕೇಳಿದರೆ, ಅವಳು ಎಡಗೈಯನ್ನೆತ್ತಿ ಒಲೆಯ ಮುಂದೆ ತನಗಾಗಿ ಗಂಜಿ ಆರಿಸುತ್ತಿದ್ದ ರೂಪಶ್ರೀಯತ್ತ ತೋರಿಸುತ್ತಿದ್ದಳು.

"ಇವ್ಳೇ" ಎನ್ನುತ್ತಿದ್ದಳು. "ಒಪ್ಕೊಂಡವ್ಳೆ."