ಫ್ಲೂ ಬಂದ ವರ್ಷ ಮಾವನವರ ಕತ್ತು

ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಮುಂಗಾರಿನ ಹೊತ್ತಿಗೆ ನಮ್ಮ ಕಡೆಗೂ ಫ್ಲೂ ಬಂತು. ಯಳಂದೂರಿನಿಂದ ಮುಳ್ಳೂರಿಗೆ ಸೊಸೆಯಾಗಿ ಬಂದ ನನಗೆ ಇನ್ನೂ ವರ್ಷ ತುಂಬಿರಲಿಲ್ಲ. ಬೀದಿಯಲ್ಲಿ ಜ್ವರ ಕಾಣದ ಮನೆಯೇ ಇರಲಿಲ್ಲ. ನಮ್ಮಲ್ಲಿ ಮೊದಲು ಯಜಮಾನರು ಮಲಗಿದರು, ಆಮೇಲೆ ಅತ್ತೆ, ಆಮೇಲೆ ನಾನು. ಮೈಕೈ ನೋವು, ತಲೆ ಸಿಡಿತ, ಒಣಕೆಮ್ಮು. ಗಂಜಿ ಕುಡಿದುಕೊಂಡು ಬಿದ್ದಿದ್ದು, ಒಬ್ಬೊಬ್ಬರಾಗಿ ಎದ್ದು ಓಡಾಡಿದೆವು. ಹಾಗಾಗಿ ಕೊನೆಗೆ ಮಾವನವರಿಗೆ ಜ್ವರ ಬಂದಾಗ ಯಾರೂ ಗಾಬರಿಯಾಗಲಿಲ್ಲ.

ಯಜಮಾನರು ಕೊಳ್ಳೇಗಾಲದ ಆಸ್ಪತ್ರೆಗೆ ಹೋಗಿ, ಎಲ್ಲರಿಗೂ ಕೊಡುತ್ತಿದ್ದ ಕೆಂಪು ಔಷಧಿಯನ್ನೇ ಒಂದು ಬಾಟಲಿ ತಂದರು. ರೋಗಿಯನ್ನು ಕರೆದುಕೊಂಡು ಬನ್ನಿ ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಆ ಜನಜಂಗುಳಿಯಲ್ಲಿ ಕಾಲಿಡಲೂ ಜಾಗವಿರಲಿಲ್ಲವಂತೆ.

ಔಷಧಿಗೆ ಜ್ವರ ಇಳಿಯಲಿಲ್ಲ. ಮಾವನವರು ಎರಡು ಸಲ ವಾಂತಿ ಮಾಡಿಕೊಂಡರು, ಬಾಗಿಲಿನ ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ಮುಖ ಮುಚ್ಚಿಕೊಂಡರು. ಅತ್ತೆ ಮಾತ್ರ, "ನಮ್ಗೂ ತಲೆ ಸಿಡೀತಿತ್ತಲ್ಲವ್ವ, ಅಂಗೇಯ ಇದೂವೆ. ಇಳೀತದೆ ಬುಡು" ಎಂದರು.

ಎಂಥ ಜ್ವರವಿದ್ದರೂ ಮಾವನವರು ಲಿಂಗಪೂಜೆ ಬಿಟ್ಟವರಲ್ಲ. ಮರುದಿನ ಬೆಳಿಗ್ಗೆ ಯಜಮಾನರು ಹಿಡಿದು ಕೂರಿಸಿದರು. ನಾನು ಬಿಸಿನೀರಿನ ಚೊಂಬು ಇಟ್ಟು ಅಡುಗೆಮನೆಯ ಬಾಗಿಲಿಗೆ ಸರಿದು ನಿಂತೆ. ಎಂದಿನಂತೆ ಎಡ ಅಂಗೈಯ ಮೇಲೆ ಲಿಂಗ ಇಟ್ಟುಕೊಂಡರು. ಆದರೆ ತಲೆ ತಗ್ಗಲಿಲ್ಲ. ಅಂಗೈಯೇ ಮೇಲೆ ಮೇಲೆ ಹೋಗಿ ಮೂಗಿನ ನೇರಕ್ಕೆ ಬಂದು ನಿಂತಿತು. ತಲೆ ಮಾತ್ರ ಕಂಬದ ಹಾಗೆ ನೆಟ್ಟಗಿತ್ತು.

ಅದುವರೆಗೆ ನಾನು ಅವರೆದುರು ನಿಂತು ಮಾತಾಡಿದವಳಲ್ಲ. ಆವತ್ತು ಹತ್ತಿರ ಹೋಗಿ, "ಮಾವ, ಒಸಿ ತಲೆ ತಗ್ಸಿ" ಎಂದೆ.

"ತಗ್ತಾ ಇಲ್ಲ ಕವ್ವ. ಕತ್ಗೆ ಬಿದ್ರು ದಬ್ಬೆ ಕಟ್ದಂಗದೆ," ಎಂದರು. ಅವರ ಕಣ್ಣಲ್ಲಿ ನೀರಿತ್ತು.

ನಮಗೆ ಮೂವರಿಗೂ ಕತ್ತು ನೊಂದಿತ್ತು. ಆದರೆ ತಗ್ಗದೇ ಇದ್ದದ್ದು ಯಾರಿಗೂ ಇಲ್ಲ. ಇದು ನಮಗೆ ಬಂದ ಜ್ವರವಲ್ಲ ಎಂದು ನನಗೆ ಖಚಿತವಾಯಿತು.

"ಗಾಡಿ ಕಟ್ಟಿ," ಎಂದೆ ಯಜಮಾನರಿಗೆ.

ಅತ್ತೆ ಅಡ್ಡ ನಿಂತರು. "ಇಂಥ ಜರದಲ್ಲಿ ಗಾಡೀಲಿ ಕುಲುಕುಸ್ಕೊಂಡು ಕರ್ಕೊಂಡೋದೀರಾ? ನೆನ್ನೆ ತಾನೆ ಔಸ್ದಿ ತಂದವ್ನೆ!"

"ಅತ್ತೆ, ಔಸ್ದಿ ಬಂತು, ಆದ್ರೆ ಡಾಕ್ಟ್ರು ಇವ್ರ ನೋಡೇ ಇಲ್ವಲ್ಲ," ಎಂದೆ. ಅತ್ತೆ ಪಕ್ಕಕ್ಕೆ ಸರಿದರು. ಆಮೇಲೆ ತಾವೇ ಹೋಗಿ ಗಾಡಿಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹೊದಿಸಿದರು.

ಆಸ್ಪತ್ರೆಯ ಜಗಲಿ, ಅಂಗಳ, ಬೇವಿನ ಮರದ ಕೆಳಗೆ, ಎಲ್ಲೆಲ್ಲೂ ಕೆಮ್ಮು. ಗಾಡಿಯನ್ನು ನೆರಳಿಗೆ ಬಿಟ್ಟು, ನಾನು ಸೆರಗು ಬಿಗಿದುಕೊಂಡು ಜನರ ನಡುವೆ ನುಗ್ಗಿದೆ. ಡಾಕ್ಟರು ಮೈಸೂರಿನಿಂದ ಹೊಸದಾಗಿ ಬಂದವರು. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು. ತಲೆ ಎತ್ತದೆಯೇ, "ಜ್ವರ ತಾನೆ? ಅದೇ ಔಷಧಿ ಮುಂದುವರಿಸಿ" ಎಂದರು.

"ಔಸ್ದಿ ಬ್ಯಾಡಿ ಸಾ. ಒಂದ್ಸಲ ಬಂದು ನಮ್ಮಾವನೋರ ಕತ್ತು ಮುಟ್ಬುಟ್ಟು ನೋಡಿ."

ಅವರ ಪೆನ್ನು ನಿಂತಿತು. "ಕತ್ತಿಗೆ ಏನಾಗಿದೆ?"

"ತಗ್ತಾ ಇಲ್ಲ. ಲಿಂಗವ ಕಣ್ಮಟ್ಟಕ್ಕೆ ಎತ್ತಿ ನೋಡ್ತಾವ್ರೆ."

ಡಾಕ್ಟರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಬಿಸಿಲಿಗೆ ಬಂದು, ಗಾಡಿಯ ಗಾಲಿ ಹತ್ತಿ, ಮಾವನವರ ತಲೆಯ ಕೆಳಗೆ ಕೈಕೊಟ್ಟು ಮೆಲ್ಲಗೆ ಎತ್ತಿದರು. ಗದ್ದ ಎದೆಗೆ ತಾಗಲಿಲ್ಲ, ಹಲಗೆಯ ಹಾಗೆ ಬೆನ್ನೇ ಮೇಲೆದ್ದಿತು. ಮೊಣಕಾಲುಗಳು ತಾವಾಗಿಯೇ ಮಡಚಿಕೊಂಡವು. ಡಾಕ್ಟರ ಮುಖದ ಆಯಾಸವೆಲ್ಲ ಎಲ್ಲಿ ಹೋಯಿತೋ!

"ಇದು ಫ್ಲೂ ಅಲ್ಲಮ್ಮ. ಮೆದುಳಿನ ಹೊದಿಕೆಗೆ ಕೀವು ಹತ್ತಿದೆ. ಒಳಗೆ ತನ್ನಿ, ಬೇಗ."

ಬೆನ್ನುಮೂಳೆಯ ಸಂದಿಗೆ ಸೂಜಿ ಹಾಕಿ ನೀರು ತೆಗೆದರು. ತಿಳಿಯಾಗಿರಬೇಕಾದ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಿತ್ತು. ಅದನ್ನು ಬೆಳಕಿಗೆ ಹಿಡಿದು ಯಜಮಾನರಿಗೆ ತೋರಿಸಿ, ಪೆನಿಸಿಲಿನ್ ಶುರುಮಾಡಿದರು. ಹಗಲೂ ಇರುಳೂ ಇಂಜೆಕ್ಷನ್. ಮಾವನವರು ಮೈಮೇಲೆ ಎಚ್ಚರವಿಲ್ಲದೆ ಎತ್ತುಗಳನ್ನು ಗದರುತ್ತಿದ್ದರು, ತೀರಿಹೋದ ತಮ್ಮನನ್ನು ಕರೆಯುತ್ತಿದ್ದರು. ಅತ್ತೆ ಮಂಚದ ಕಾಲು ಬಿಡದೆ ಕೂತಿದ್ದರು.

ಒಂದು ಮಧ್ಯಾಹ್ನ ಮಾವನವರು ಕಣ್ಣು ಬಿಟ್ಟು, ನಿಚ್ಚಳವಾಗಿ, "ಏನ್ರವ್ವ, ನಂಗೆ ಇಟ್ಟಿಲ್ವಾ?" ಎಂದರು. ಹಿಟ್ಟು ಎಂದರೆ ರಾಗಿಮುದ್ದೆ. ಅತ್ತೆ ನಗುತ್ತಾ ಅಳುತ್ತಾ ನನ್ನ ಎರಡೂ ಕೈ ಹಿಡಿದುಕೊಂಡುಬಿಟ್ಟರು.

ಅಷ್ಟರಲ್ಲಿ ಆಸ್ಪತ್ರೆಯ ಸಾಲಿನಲ್ಲಿ ಹೊಸ ಪದ್ಧತಿ ಬಂದಿತ್ತು. ಜ್ವರವೆಂದು ಬಂದವರೆಲ್ಲ ಗದ್ದವನ್ನು ಎದೆಗೆ ತಾಗಿಸಿ ತೋರಿಸಬೇಕು, ಮಡಿಲಲ್ಲಿ ಕೂತ ಮಕ್ಕಳ ತಲೆಯನ್ನೂ ತಾಯಂದಿರು ತಗ್ಗಿಸಿ ತೋರಿಸಬೇಕು. ಜಗಲಿಯ ತುಂಬ ಜನ ತಮ್ಮ ಸರದಿಗೆ ಮುಂಚೆಯೇ ಅಭ್ಯಾಸ ಮಾಡುತ್ತಿದ್ದರು. ಅವರಲ್ಲಿ ಹೂಗ್ಯದಿಂದ ಬಂದ ಒಬ್ಬ ಹೆಂಗಸಿನ ಮಗಳ ತಲೆ ತಗ್ಗಲಿಲ್ಲ. ಆ ಹುಡುಗಿಗೆ ಪಕ್ಕದ ಮಂಚ ಕೊಟ್ಟರು. ನಾವು ಊರಿಗೆ ಹೊರಡುವ ದಿನ ಅವಳು ಎದ್ದು ಕೂತು, ತಾಯಿಯ ಕೈಯಿಂದ ಜಡೆ ಹಾಕಿಸಿಕೊಳ್ಳುತ್ತಿದ್ದಳು. ಡಾಕ್ಟರು ನನ್ನನ್ನು ಕರೆದು ಆ ಮಂಚ ತೋರಿಸಿದರು. "ನೀವು ಅವತ್ತು ಒಳಗೆ ನುಗ್ಗಿದ್ದು ಇವಳಿಗೂ ಉಪಯೋಗವಾಯಿತು ನೋಡಿ," ಎಂದರು. ನನಗೆ ಹೆಮ್ಮೆಯಾಯಿತು.

ಮಾವನವರ ಬಲಗಿವಿ ಮಂದವಾಗಿ ಉಳಿಯಿತು. ತಮಗೆ ಕೇಳದಿದ್ದರೆ ಲೋಕಕ್ಕೂ ಕೇಳದೆಂದುಕೊಂಡು ಆಮೇಲೆ ಕೂಗಿಯೇ ಮಾತಾಡುತ್ತಿದ್ದರು. ಆ ಸಲದ ನಾಟಿಗೆ ಬದುವಿನ ಮೇಲೆ ನಿಂತು, "ನಮ್ಮ ಸೊಸೆ ಗಾಡಿ ಕಟ್ಸ್ದಳು ಕಣ್ರಲಾ, ಅದ್ಕೇ ನಿಂತಿವ್ನಿ!" ಎಂದು ಕೂಗಿ ಹೇಳುತ್ತಿದ್ದರೆ, ಆಚೆ ಗದ್ದೆಯ ಆಳುಗಳು ಪೈರು ಕೈಯಲ್ಲಿ ಹಿಡಿದು ನೆಟ್ಟಗೆ ನಿಂತು ನಗುತ್ತಿದ್ದರು. ಬುತ್ತಿ ಹೊತ್ತು ಬರುತ್ತಿದ್ದ ನಾನು ನಾಚಿಕೊಂಡರೂ ತಲೆ ಎತ್ತಿಕೊಂಡೇ ನಡೆದೆ.