ಬಚ್ಚಲ ಕಿಂಡಿಯ ಗಾಳಿ

ಅವರ ಎಡಗಣ್ಣಿನ ಮೇಲೆ ಹುಬ್ಬು ಇರಲಿಲ್ಲ. ಆ ಜಾಗದಲ್ಲಿ ನುಣುಪಾದ, ಸ್ವಲ್ಪ ಹೊಳೆಯುವ ಚರ್ಮ. ಹಣೆಯ ಬೆವರು ಅಲ್ಲಿ ನಿಲ್ಲದೆ ನೇರ ಕಣ್ಣಿಗಿಳಿಯುತ್ತಿತ್ತು, ಅದಕ್ಕೇ ಕೆಲಸ ಮಾಡುವಾಗ ಆ ಕಣ್ಣನ್ನು ಅರ್ಧ ಮುಚ್ಚಿಕೊಂಡೇ ಇರುತ್ತಿದ್ದರು. ಹೊಸಬರಿಗೆ, ಇವರು ಎದುರಿನ ಯಂತ್ರವನ್ನು ಅನುಮಾನದಿಂದ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಅನುಮಾನವೂ ಇರುತ್ತಿತ್ತು ಅನ್ನಿ.

ದಾಂಡೇಲಿಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಅವರು ಫಿಟ್ಟರ್ ಕಾಕಾ. ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ಫಿಟ್ಟರ್ ಆಗಿ ನಿವೃತ್ತರಾದವರು. ಸುಮ್ಮನೆ ಕೂತರೆ ಮೊಣಕಾಲು ಹಿಡಿಯುತ್ತವೆ ಅಂತ ಸೈಕಲ್ಲಿನ ಹ್ಯಾಂಡಲ್ಲಿಗೆ ಕ್ಯಾನ್ವಾಸ್ ಚೀಲ ಸಿಕ್ಕಿಸಿಕೊಂಡು ಮನೆಮನೆಯ ಗೀಸರ್ ರಿಪೇರಿಗೆ ತಿರುಗುತ್ತಿದ್ದರು. ಬಂದ ಕೂಡಲೇ ಗೀಸರ್ ಬಿಚ್ಚುವವರಲ್ಲ. ಮೊದಲು ಚಹಾ, ಅದೂ ಬಸಿಯಲ್ಲಿ ಸುರಿದುಕೊಂಡು. ಆಮೇಲೆ ಪ್ರಶ್ನೆ: ಮನೆಯಲ್ಲಿ ಎಷ್ಟು ಮಂದಿ, ಮೊದಲು ಜಳಕ ಯಾರದು, ಯಾರಿಗೆ ಎಷ್ಟು ಬಿಸಿ ಬೇಕು. ಅದೆಲ್ಲ ಆದಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೀಸರಿನ ನೀರಿನ ಟಾಕಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಳಗಿನ ನೀರು ಕಾಯುವ ಸದ್ದು ಅವರಿಗೆ ಹಾಗೆ ಕೇಳುತ್ತಿತ್ತಂತೆ.

"ಡಾಕ್ಟರ್ ಆಗಬೇಕಿತ್ತು ನೀವು," ಅಂತ ನಾನೊಮ್ಮೆ ಅಂದಿದ್ದೆ.

"ಮಂದಿ ಸುಳ್ಳ ಹೇಳ್ತಾರ ತಂಗಿ. ಟಾಕಿ ಹೇಳೂದಿಲ್ಲ," ಅಂದರು.

ನಮ್ಮ ಮನೆಗೆ ಅವರ ಓಡಾಟ ಹೆಚ್ಚಾಗಿದ್ದು ನನ್ನ ಅತ್ತೆಯಿಂದಾಗಿ. ಅತ್ತೆಗೆ ಸಂಧಿವಾತ. ಬೆಳಿಗ್ಗೆ ಬಿಸಿನೀರು ಮೈಮೇಲೆ ಬೀಳದಿದ್ದರೆ ಬೆರಳು ಬಿಚ್ಚುತ್ತಿರಲಿಲ್ಲ. ಆ ದಿನ ತುತ್ತನ್ನೂ ನಾನೇ ಬಾಯಿಗಿಡಬೇಕು. ಗೀಸರ್ ಕೆಟ್ಟರೆ ಎರಡು ಪಾತೆಲಿ ನೀರು ಒಲೆಯ ಮೇಲೆ ಕಾಯಿಸಿ, ಅರಿವೆ ಹಿಡಿದು ಬಚ್ಚಲಿಗೆ ಹೊರುವುದು. ನನ್ನವರಿಗೆ ಕಾರ್ಖಾನೆಯ ಪಾಳಿ. ಹಾಗಾಗಿ ಅತ್ತೆಯನ್ನು ಎಬ್ಬಿಸುವುದು, ಕೂಡಿಸುವುದು, ಮೀಯಿಸುವುದು, ಒರೆಸುವುದು ಎಲ್ಲ ಒಬ್ಬಳದೇ. ಏಳು ವರ್ಷದಿಂದ ಅದೇ ನಡೆದಿತ್ತು. ಬೇಸರವಿತ್ತೇ ಅಂದರೆ ಇತ್ತು. ಆದರೆ ಅದನ್ನು ಹೇಳಿಕೊಳ್ಳುವಷ್ಟು ಪುರಸೊತ್ತೂ ಇರಲಿಲ್ಲ.

ಹಳೆಯ ಗೀಸರನ್ನು ಕಾಕಾ ಮೂರು ಸಲ ಬದುಕಿಸಿದ್ದರು. ಒಮ್ಮೆ ಕಾಯಿಲಿನ ಮೇಲೆ ಬೋರಿನ ನೀರಿನ ಸುಣ್ಣ ಬೆರಳು ದಪ್ಪ ಕೂತಿತ್ತು, ಕೆರೆದು ತೆಗೆದರು. ಒಮ್ಮೆ ಥರ್ಮೋಸ್ಟ್ಯಾಟ್ ಬದಲಿಸಿದರು. ಇನ್ನೊಮ್ಮೆ ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತಿತ್ತು, ಅರ್ಥಿಂಗ್ ಸರಿ ಮಾಡಿದರು. ನಾಲ್ಕನೆಯ ಸಲ ಟಾಕಿಯ ತಳದಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಸ್ಕ್ರೂಡ್ರೈವರ್ ಕಿವಿಗೆ ಹಚ್ಚದೆಯೇ ತಲೆಯಾಡಿಸಿದರು.

"ಇನ್ನ ಬಿಟ್ಟುಬಿಡವಾ ಇದನ್ನ. ಒಳಗ ಜಂಗು ತಿಂದೈತಿ."

"ಇನ್ನೊಂದ ಮಳಿಗಾಲ ನಡಸ್ರಿ ಕಾಕಾ."

"ನಡಸೂದು ನನ್ನ ಕೈಯಾಗಿಲ್ಲ. ಹೊಸಾದು ತಗೋರಿ."

ಹೊಸದು ಯಾವುದು ಅನ್ನುವುದೇ ನಮ್ಮ ಮನೆಯಲ್ಲಿ ಹದಿನೈದು ದಿನದ ಚರ್ಚೆಯಾಯಿತು. ಸೋಲಾರ್ ಅಂದರೆ ಮಾಳಿಗೆಯ ಮೇಲೆ ಪಕ್ಕದ ಸಾಗವಾನಿ ಮರದ ನೆರಳು, ಮೇಲೆ ನಾಲ್ಕು ತಿಂಗಳು ಮುಚ್ಚಿದ ಮೋಡ. ಕರೆಂಟಿನದು ಅಂದರೆ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ನನ್ನವರ ಮನಸ್ಸು ಗ್ಯಾಸ್ ಗೀಸರಿನ ಮೇಲಿತ್ತು. ನಲ್ಲಿ ತಿರುಗಿಸಿದರೆ ತಕ್ಷಣ ಬಿಸಿನೀರು, ಕರೆಂಟಿನ ಗೊಡವೆಯಿಲ್ಲ. ನನಗೂ ಕಾಯುವ ಕೆಲಸ ತಪ್ಪಿದರೆ ಸಾಕಾಗಿತ್ತು.

ಕಾಕಾ ಬೇಡ ಅನ್ನಲಿಲ್ಲ. "ತಗೋರಿ. ಆದ್ರ ಅದು ಉರಿ. ಉರಿ ಗಾಳಿ ತಿಂತೈತಿ. ಪೆಟಗಿ ಬಚ್ಚಲ ಹೊರಗಿನ ಗ್ವಾಡಿಗೇ ಇರಬೇಕು, ಒಳಗ ಬರೇ ನೀರಿನ ಪೈಪು ಬರಬೇಕು. ನಾ ಬಂದು ಕೂಡಸ್ತೇನಿ, ಅವಸರ ಮಾಡಬ್ಯಾಡ್ರಿ," ಅಂದು ಹಳಿಯಾಳಕ್ಕೆ ಮಗಳ ಮನೆಗೆ ಹೋದರು.

ಅವಸರ ಮಾಡಿದೆವು. ಅತ್ತೆಯ ಬೆರಳು ಅಷ್ಟು ದಿನ ತಾಳುವಂತಿರಲಿಲ್ಲ. ಅಂಗಡಿಯಿಂದ ಬಂದವನು ಸಿಲಿಂಡರನ್ನು ಹಿತ್ತಲಿನಲ್ಲಿಟ್ಟ, ಉರಿಯುವ ಪೆಟ್ಟಿಗೆಯನ್ನು ಮಾತ್ರ ಬಚ್ಚಲ ಒಳಗೋಡೆಗೇ ಹೊಡೆದು, ಅರ್ಧ ತಾಸಿನಲ್ಲಿ ಹೊರಟುಹೋದ.

ಕಾಕಾ ವಾರದ ಮೇಲೆ ಬಂದು ನೋಡಿದರು. ಬಯ್ಯಲಿಲ್ಲ. ಬಚ್ಚಲ ಮೇಲ್ಗಡೆಯ ಕಿಂಡಿಯನ್ನೇ ದಿಟ್ಟಿಸಿದರು. ಅಲ್ಲಿ ಫೆಲ್ಟು ತುರುಕಿದ್ದೆವು. ಫೆಲ್ಟು ಅಂದರೆ ಕಾಗದದ ಯಂತ್ರದಲ್ಲಿ ನೀರು ಹೀರಲು ಓಡುವ, ಕಂಬಳಿಗಿಂತ ದಪ್ಪನೆಯ ಬಟ್ಟೆ. ಸವೆದು ತೆಗೆದ ತುಂಡುಗಳು ಕಾರ್ಮಿಕರ ಮನೆ ಸೇರುತ್ತವೆ. ನಮ್ಮ ಓಣಿಯಲ್ಲಿ ಫೆಲ್ಟಿಲ್ಲದ ಮನೆಯಿಲ್ಲ: ಹಾಸಿಗೆಯ ಕೆಳಗೆ ಅದೇ, ಬಾಗಿಲ ಮುಂದೆ ಅದೇ, ಮಳೆಗಾಳಿ ಬರುವ ಸಂದಿಗೂ ಅದೇ. ಕಾಕಾ ಸ್ಟೂಲ್ ಹತ್ತಿ ಅದನ್ನು ಎಳೆದು ಸೈಕಲ್ಲಿಗೆ ಕಟ್ಟಿಕೊಂಡರು.

"ಪೆಟಗಿ ಹೊರಗ ಹಾಕೂತನಕ ಈ ಕಿಂಡಿ ಮುಚ್ಚಬ್ಯಾಡ. ಆಣಿ ಮಾಡು ಬೇಕಾರ."

"ನಾಕ ದಿನಕ್ಕ ಹೊರಗ ಹಾಕಸ್ತೇವ್ರಿ," ಅಂದೆ.

ನಾಲ್ಕು ದಿನ ಎರಡು ತಿಂಗಳಾಯಿತು. ಚಳಿ ಶುರುವಾಯಿತು. ಒದ್ದೆ ಮೈಯ ಮೇಲೆ ಕಿಂಡಿಯ ಗಾಳಿ ಬಿದ್ದಾಗ ಅತ್ತೆ ಹಲ್ಲು ಕಡಿಯುತ್ತಿದ್ದರು. "ಎಲುವಿನಾಗ ಸೂಜಿ ಚುಚ್ಚಿದಂಗ ಆಗ್ತೈತಿ," ಅನ್ನುತ್ತಿದ್ದರು. ಮುಚ್ಚು ಅಂತ ಒಂದು ದಿನವೂ ಹೇಳಲಿಲ್ಲ. ಒಂದು ಬೆಳಿಗ್ಗೆ ನನಗೇ ನೋಡಲಾಗದೆ ಹಾಸಿಗೆಯ ಕೆಳಗಿನ ಫೆಲ್ಟಿನಿಂದ ಒಂದು ತುಂಡು ಕತ್ತರಿಸಿ ಕಿಂಡಿಗೆ ತುರುಕಿದೆ.

ಅಂದಿನಿಂದ ಜಳಕದ ಹೊತ್ತಿಗೆ ನನಗೆ ತಲೆ ಭಾರವಾಗುತ್ತಿತ್ತು, ಕಾಲಿನಲ್ಲಿ ಬಲವಿಲ್ಲದಂತೆ. ದಣಿವು ಅಂದುಕೊಂಡೆ. ನನ್ನ ಮೈಗೆ ದಣಿವು ಎಷ್ಟು ರೂಢಿಯಾಗಿತ್ತೆಂದರೆ ಬೇರೆ ಏನಾದರೂ ಇರಬಹುದೆಂದು ಹೊಳೆಯಲೇ ಇಲ್ಲ. ಅತ್ತೆಯೂ ಬಚ್ಚಲಿಂದ ಬಂದವರೇ ತೂಕಡಿಸುತ್ತಿದ್ದರು. ಬಿಸಿನೀರಿನ ಸುಖ ಅಂದುಕೊಂಡೆ.

ಅದಾಗಿ ವಾರವೂ ಕಳೆದಿರಲಿಲ್ಲ, ಒಂದು ದಿನ ಕಾಕಾ ಅಡಿಗೆಮನೆಯ ನಲ್ಲಿ ನೋಡಲು ಬಂದರು. ಪಡಸಾಲೆಯಲ್ಲಿ ಅವರಿಗೆ ಚಹಾ ಕೊಟ್ಟು, "ಅತ್ತೀ ಜಳಕ ಮುಗಿಸಿ ಬಂದ್ನಿರಿ," ಅಂತ ಒಳಗೆ ಹೋದೆ. ಅತ್ತೆಯನ್ನು ಮಣೆಯ ಮೇಲೆ ಕೂಡಿಸಿದ್ದು, ಬಕೀಟಿಗೆ ನಲ್ಲಿ ಬಿಟ್ಟದ್ದು ನೆನಪಿದೆ. ನಾಲ್ಕು ತಂಬಿಗೆ ಸುರಿದಿರಬೇಕು. ಅತ್ತೆಯ ತಲೆ ನನ್ನ ತೋಳಿಗೆ ಒರಗಿತು. ಎತ್ತಬೇಕು ಅನ್ನಿಸಿತು, ಕೈ ಬರಲಿಲ್ಲ. ಸ್ವಲ್ಪ ಕೂತೇಳುತ್ತೇನೆ ಅಂದುಕೊಂಡು ಗೋಡೆಗೆ ಒರಗಿದೆ.

ಹೊರಗೆ ಏನಾಯಿತೆಂದು, ಕಾಕಾ ಹೇಳಿದ್ದನ್ನೂ ತಾನು ಕಂಡದ್ದನ್ನೂ ಸೇರಿಸಿ, ಆಮೇಲೆ ಪಕ್ಕದ ಮನೆಯಾಕೆ ಹೇಳಿದಳು. ಬಸಿಯನ್ನು ಬಾಯಿಗಿಟ್ಟಿದ್ದ ಕಾಕಾ ಹಾಗೇ ತಡೆದು ಕಿವಿಗೊಟ್ಟರಂತೆ. ನಲ್ಲಿ ಹರಿಯುತ್ತಿದೆ, ಬಕೀಟು ತುಂಬಿ ಚೆಲ್ಲುತ್ತಿದೆ, ಗ್ಯಾಸಿನ ಉರಿ ಭುಸುಗುಡುತ್ತಿದೆ, ಆದರೆ ತಂಬಿಗೆಯ ಸಪ್ಪಳವಿಲ್ಲ. "ತಂಗೀ" ಅಂತ ಎರಡು ಸಲ ಕೂಗಿದರಂತೆ. ಹಿತ್ತಲಿಗೆ ಓಡಿ ಸಿಲಿಂಡರ್ ಬಂದ್ ಮಾಡಿ, ಪಕ್ಕದಾಕೆಯನ್ನು ಕರೆದು, ಹಗ್ಗದ ಮೇಲಿನ ಧೋತರ ಎಳೆದುಕೊಂಡು ಬಚ್ಚಲ ಬಾಗಿಲನ್ನು ಭುಜದಿಂದ ತಳ್ಳಿದರಂತೆ. ಅತ್ತೆಗೇನಾದರೂ ಆದರೆ ಅಂತ ನಾನು ಚಿಲಕ ಹಾಕುತ್ತಿರಲಿಲ್ಲ. ಮುಖ ಆಚೆ ತಿರುಗಿಸಿಕೊಂಡೇ ಧೋತರವನ್ನು ಅತ್ತೆಯ ಮೇಲೆಸೆದು, ಇಬ್ಬರೂ ಸೇರಿ ನಮ್ಮನ್ನು ಹಿತ್ತಲಿನ ಗಾಳಿಗೆ ಎಳೆದು ತಂದರಂತೆ.

ನನಗೆ ಹಿತ್ತಲಿನಲ್ಲೇ ಎಚ್ಚರವಾಯಿತು. ಅತ್ತೆ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದ ಮೇಲೆ ಸಂಜೆಗೆ ಕಣ್ಣು ಬಿಟ್ಟರು. ಗಾಳಿಯಾಡದ ಕಡೆ ಗ್ಯಾಸಿನ ಉರಿಯಿಂದ ಹುಟ್ಟುವ, ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಗಾಳಿ ಅಂತ ಡಾಕ್ಟರು ವಿವರಿಸುತ್ತಿದ್ದರು. ನಾನು ಫೆಲ್ಟಿನ ತುಂಡನ್ನೇ ನೆನೆಯುತ್ತ ಕೂತಿದ್ದೆ.

ಎರಡನೆಯ ದಿನ ಆಸ್ಪತ್ರೆಗೆ ಬಂದ ಕಾಕಾ ಮಂಚದ ಪಕ್ಕ ನಿಂತು ಕೇಳಿದರು: "ಕಿಂಡ್ಯಾಗ ಫೆಲ್ಟ್ ಯಾರ ತುರುಕಿದ್ರು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು: "ನಾನ ಹೇಳಿದ್ದೆ ಫಿಟ್ಟರಾ. ಥಂಡಿ ತಡಿಯಾಕ ಆಗಲಿಲ್ಲ. ಅಕೀಗೇನ ಅನಬ್ಯಾಡ."

ನನ್ನ ಅತ್ತೆ ನನಗಾಗಿ ಸುಳ್ಳು ಹೇಳಿದ್ದು ಅದೇ ಮೊದಲು. ಕಾಕಾ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ನನ್ನನ್ನು ವರಾಂಡಕ್ಕೆ ಕರೆದು ಬೆಂಚಿನ ಮೇಲೆ ಕೂಡಿಸಿದರು. ನಾನು ಅಳತೊಡಗಿದ್ದೆ.

"ಈ ಹುಬ್ಬು ಹೆಂಗ ಹೋತು ಅಂತ ನೀ ಯಾವತ್ತೂ ಕೇಳಿಲ್ಲಲ್ಲ," ಅಂದರು. "ಕಾಗದದ ಕಾರ್ಖಾನೆಗೆ ಬರೂ ಮೊದಲ, ಬ್ಯಾರೆ ಊರಾಗ ಒಂದ ಸಣ್ಣ ಅಕ್ಕಿ ಗಿರಣ್ಯಾಗಿದ್ದೆ. ಅಲ್ಲಿ ಬಾಯ್ಲರ್ ಒಲಿ ಬಾಗಿಲಾ ತೆರಿಯೂ ಮೊದಲ ಒಳಗಿನ ಹೊಗಿ ಹೋಗಾಕ ಬಿಟ್ಟು ನಿಂದರಬೇಕು. ನನಗ ಗೊತ್ತಿತ್ತು. ಎರಡ ಪಾಳಿ ಮಾಡಿ ದಣದಿದ್ದೆ, ನಿಂದರಲಿಲ್ಲ. ಉರಿ ಮಾರಿಗೇ ಬಂತು. ಗೊತ್ತಿಲ್ಲದ ಮಾಡಿದ್ದಲ್ಲ ತಂಗಿ. ದಣದವರಿಗೆ ಗೊತ್ತಿದ್ದದ್ದೂ ನೆಪ್ಪಿರೂದಿಲ್ಲ."

ಹುಬ್ಬಿಲ್ಲದ ಜಾಗವನ್ನು ಬೆರಳಿನಿಂದ ಸವರಿಕೊಂಡು, "ಹುಬ್ಬು ಹೋತು, ಕಣ್ಣು ಉಳೀತು. ನಿನಗೂ ಅಷ್ಟ ಅಂತ ತಿಳಕೋ," ಅಂದರು.

ಅತ್ತೆ ಮನೆಗೆ ಬರುವ ಮೊದಲೇ ಗ್ಯಾಸಿನ ಪೆಟ್ಟಿಗೆ ಗೋಡೆಯಿಂದ ಇಳಿದಿತ್ತು. ಹೊರಗಿನ ಗೋಡೆಗೆ ಹಾಕೋಣವೇ ಅಂತ ನನ್ನವರು ಕೇಳಿದರೆ, "ಹಾಕಬಹುದು. ಆದ್ರ ಇಕಿ ಇನ್ನ ಅದರ ಸಪ್ಪಳಕ್ಕ ಅಂಜತಾಳ," ಅಂದರು ಕಾಕಾ. ಸರಿಯಾಗಿಯೇ ಹೇಳಿದ್ದರು. ಕರೆಂಟಿನದೇ ಹದಿನೈದು ಲೀಟರಿನದು ತಂದರು, ಅತ್ತೆಯ ಎರಡು ಬಕೀಟಿಗೆ ಸಾಕಾಗುವಷ್ಟು. ಬಿಸಿ ಹೆಚ್ಚು ಕಡಿಮೆ ಮಾಡುವ ಗುಂಡಿಯ ಮೇಲೆ ಅತ್ತೆಯ ಚರ್ಮ ತಾಳುವ ಬಿಸಿಗೆ ಕೆಂಪು ಬಣ್ಣದಲ್ಲಿ ಗೆರೆ ಎಳೆದರು. ಕೆಂಪು ದೀಪ ಆರಬೇಕು, ಆಮೇಲೆ ಸ್ವಿಚ್ ಆರಿಸಬೇಕು, ಆಮೇಲೆ ಜಳಕ. ಇದನ್ನು ನನ್ನ ಬಾಯಿಂದ ಮೂರು ಸಲ ಹೇಳಿಸಿದರು. ಕರೆಂಟು ಹೋದ ದಿನ ಪಾತೆಲಿ ಇದ್ದೇ ಇದೆ.

ಕೊನೆಗೆ ಕಿಂಡಿ. ಉರಿಯಿಲ್ಲದಿದ್ದರೂ ಕಿಂಡಿ ಮುಚ್ಚಿದ ಬಚ್ಚಲು ಅವರಿಗೆ ಸೇರುತ್ತಿರಲಿಲ್ಲ. ಒಂದು ತಗಡು ಕತ್ತರಿಸಿ ಒಳಬದಿಗೆ ಓರೆಯಾಗಿ ಹೊಡೆದರು. ಗಾಳಿ ತಗಡಿಗೆ ಬಡಿದು ಮೇಲಕ್ಕೆ ಹೋಗುತ್ತದೆ, ಮಣೆಯ ಮೇಲೆ ಕೂತವರ ಮೈಗೆ ಬೀಳುವುದಿಲ್ಲ. ಅದಕ್ಕಾಗಿ ಅವರೇ ಮಣೆಯ ಮೇಲೆ ಅತ್ತೆಯಂತೆ ಬಗ್ಗಿ ಕೂತು, "ಇಲ್ಲಿ ಬರ್ತೈತಿ... ಈಗಿಲ್ಲ," ಅನ್ನುತ್ತ ಮತ್ತೆ ಮತ್ತೆ ಎದ್ದು ತಗಡು ಬಾಗಿಸಿದರು.

"ಏನಪಾ ಫಿಟ್ಟರಾ, ನನ್ನ ಮಣೀ ಮ್ಯಾಲ ನೀನ ಜಳಕಕ್ಕ ಕುಂತಿ?" ಅಂದರು ಹಾಸಿಗೆಯಲ್ಲಿದ್ದ ಅತ್ತೆ.

"ಮೊದಲ ಜಳಕ ನಂದ ಅಕ್ಕಾರ. ನಿಮ್ಮದು ನಾಳೆ."

ಆ ದಿನ ಮನೆಯಲ್ಲಿ ಬಹಳ ದಿನದ ಮೇಲೆ ನಗು ಕೇಳಿತು.

ಹೋದ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಜ್ವರ ಅಂತ ಮಲಗಿದವರು ಏಳಲಿಲ್ಲ. ಅವರ ಮನೆಗೆ ಹೋಗಿ ನೋಡಿದೆ. ಎರಡೂ ಕಣ್ಣು ಮುಚ್ಚಿದ್ದವು. ಎಡಗಣ್ಣು ಅರ್ಧ ತೆರೆದಿರಬೇಕಿತ್ತು ಅನ್ನಿಸಿತು. ಸೈಕಲ್ಲು ಗೋಡೆಗೆ ಒರಗಿತ್ತು, ಹ್ಯಾಂಡಲ್ಲಿನಲ್ಲಿ ಚೀಲವಿತ್ತು.

ತಿರುಗಿ ಬಂದಾಗ ಅತ್ತೆ ಹಾಸಿಗೆಯಿಂದಲೇ ಅಂದರು: "ಮುಟ್ಟಬ್ಯಾಡ ಏನೂ. ಮೊದಲ ಜಳಕ ಮಾಡಿ ಬಾ. ಬಿಸಿನೀರ ಹಾಕ್ಕೋ, ಮಳ್ಯಾಗ ತೊಯ್ಸಿಕೊಂಡ ಬಂದಿ."

ಸಾವಿನ ಮನೆಯಿಂದ ಬಂದವರು ತಣ್ಣೀರನ್ನೇ ಸುರಿದುಕೊಳ್ಳಬೇಕು ಅನ್ನುವ ಅತ್ತೆ ಅವರು. ಅಂದು ಅದನ್ನು ಬಿಟ್ಟುಕೊಟ್ಟರು. ನಾನು ಸ್ವಿಚ್ ಹಾಕಿ, ಕೆಂಪು ದೀಪ ಆರುವತನಕ ಒದ್ದೆ ಸೀರೆಯಲ್ಲೇ ಬಾಗಿಲಿಗೆ ಒರಗಿ ನಿಂತೆ. ಆರಿತು. ಸ್ವಿಚ್ ಆರಿಸಿದೆ. ಮಣೆಯ ಮೇಲೆ ಕೂತು ಮೊದಲ ತಂಬಿಗೆ ಸುರಿದುಕೊಂಡೆ. ಕಿಂಡಿಯಿಂದ ಮಳೆಗಾಳಿ ಬಂದು ತಗಡಿಗೆ ಬಡಿದು ಮೇಲಕ್ಕೆ ಹೋಗುವ ಸದ್ದು ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಅತ್ತೆ ಹಾಸಿಗೆಯಿಂದ ಕೂಗಿದರು: "ಯಾಕ ಸುಮ್ಮನಾದಿ? ತಂಬಿಗಿ ಸಪ್ಪಳ ಇಲ್ಲ?"

"ಇಲ್ಲೇ ಅದೀನ್ರಿ," ಅಂದೆ. ಕಣ್ಣೊರೆಸಿಕೊಂಡು, ಅವರಿಗೆ ಕೇಳುವಂತೆ ಇನ್ನೊಂದು ತಂಬಿಗೆ ಜೋರಾಗಿ ಸುರಿದೆ.